ಹನ್ನೊಂದು ನಿಮಿಷ

ಬೈತಖೋಲದ ನಮ್ಮ ಕ್ಲಿಯರಿಂಗ್ ಆಫೀಸಿನಲ್ಲಿ
ಹದಿನಾಲ್ಕು ಕಂಪ್ಯೂಟರು, ಗೊರಗುಟ್ಟುವ ಒಂದು ಫ್ಯಾನು,
ಮತ್ತು ಹೋದ ದೀಪಾವಳಿಯಿಂದ
ಯಾರ ಪರದೆಯನ್ನೂ ಬಿಡದ ಒಂದು ಸಾಫ್ಟ್‌ವೇರು.
ಹತ್ತು ನಿಮಿಷಕ್ಕೊಂದು ಫೋಟೋ ಹಿಡಿಯುತ್ತದೆ.
ಯಾರು ಎಲ್ಲಿ ಹೋದರು, ಎಷ್ಟು ಹೊತ್ತು ನಿಂತರು, ಬರೆದಿಡುತ್ತದೆ.
ಕೆಲಸವಾದರೆ ಹಸಿರು. ಅಲ್ಲದಿದ್ದರೆ ಕೆಂಪು.
ಕೈ ಅಲ್ಲಾಡದೆ ಕೂತರೆ ಬೂದಿಬಣ್ಣ;
ಮನಸ್ಸಲ್ಲೇ ಲೆಕ್ಕ ಹಾಕುವವರೂ ತೂಕಡಿಸುವವರೂ
ಅಲ್ಲಿ ಒಂದೇ.

ಶನಿವಾರ ಮಧ್ಯಾಹ್ನ ಅದನ್ನೆಲ್ಲ ಓದುವವನು ನಾನು.
ಸಂಬಳ ಹೆಚ್ಚಾಗಲಿಲ್ಲ,
ಕುರ್ಚಿ ಮಾತ್ರ ಗೋಡೆಯ ಕಡೆಗೆ ಸರಿಯಿತು.

ಹಾಗೆ ಗೊತ್ತಾದದ್ದು:
ಪುರ್ಸು ಹರಿಕಂತ್ರನಿಗೆ ಮೂತ್ರಪಿಂಡದಲ್ಲಿ ಕಲ್ಲಿದೆ,
ಅಥವಾ ಇದೆಯೆಂಬ ಹೆದರಿಕೆಯಿದೆ.
ರೊಸಾರಿಯೊ ಸಾಲ ಕೊಡುವವರ ಬಾಗಿಲು ತಟ್ಟಿದ್ದಾನೆ,
ಒಂದೇ ಬೆಳಿಗ್ಗೆ ಏಳು ಬಾಗಿಲು.
ಮ್ಯಾನೇಜರರ ಹೆಸರು ಪಟ್ಟಿಯಲ್ಲೇ ಇಲ್ಲ.
ಇವರೊಡನೆ ಚಹಾ ಕುಡಿಯುವಾಗ
ನಾನು ಕಪ್ಪಿನೊಳಗೆ ನೋಡುತ್ತೇನೆ.

ಮತ್ತೆ ಸುಲಕ್ಷಾ ತಾಂಡೇಲ,
ಸರಕುಪಟ್ಟಿಯಲ್ಲಿ ಒಂದು ಸೊನ್ನೆಯೂ ತಪ್ಪದವಳು.
ದಿನಾ ಹನ್ನೊಂದು ನಲವತ್ತಕ್ಕೆ
ಹನ್ನೊಂದು ನಿಮಿಷ ಕೆಂಪು.
ಸಿನಿಮಾ ಅಲ್ಲ, ಸೀರೆ ಅಲ್ಲ, ಉಪಗ್ರಹದ ನಕಾಶೆ:
ನೌಕಾನೆಲೆಯ ಗೋಡೆಯಾಚೆಗಿನ ಒಂದು ತುಂಡು ನೆಲ,
ಹಿಗ್ಗಿಸಿ ಹಿಗ್ಗಿಸಿ ಮಸುಕಾದದ್ದು.

ನಾನೂ ಹಿಗ್ಗಿಸಿದೆ. ಏನೂ ತಿಳಿಯಲಿಲ್ಲ.
‘ಕೆಲಸಕ್ಕೆ ಸಂಬಂಧಿಸಿದ್ದು’ ಎಂದು ಒತ್ತಿದೆ,
ಆ ನಿಮಿಷಗಳು ಹಸಿರಾದವು.
ಅವಳಿಗೆ ಹೇಳಲಿಲ್ಲ.
ಹೇಳಿದರೆ ನೋಡಿದ್ದನ್ನೂ ಹೇಳಬೇಕಲ್ಲ.

ಆದರೆ ಬಂಗುಡೆ ಹುರಿದ ವಾಸನೆ
ಒಂದೇ ಮನೆಯಲ್ಲಿ ನಿಲ್ಲುತ್ತದೆಯೇ?
ಆಷಾಢದ ಒಂದು ಸಂಜೆ, ಬೋಟುಗಳು ದಡದಲ್ಲಿ
ತಾಡಪತ್ರಿ ಹೊದ್ದು ಮಲಗಿದ್ದಾಗ,
ಅವಳು ನೇರ ನನ್ನ ಮೇಜಿಗೆ ಬಂದಳು.
ಬೈಯುತ್ತಾಳೆಂದು ಎದ್ದು ನಿಂತೆ.

“ನಮ್ಮ ಪರದೆಯ ಫೋಟೋ ಇಟ್ಕೊಂಡಿರ್ತೀರಂತಲ್ಲ?”

“ತೊಂಬತ್ತು ದಿವಸ. ಆಮೇಲೆ ತಾನೇ ಅಳಿಸಿಹೋಗ್ತದೆ.”

“ಏಪ್ರಿಲಲ್ಲಿ ನಕಾಶೆ ಸ್ವಚ್ಛ ಇತ್ತು.
ನಮ್ಮ ಆಯಿಯ ಬಾವಿ ಕಾಣ್ತಿತ್ತು,
ಎಳ್ಳುಕಾಳಿನಷ್ಟು, ಸುತ್ತ ಕಟ್ಟೆಯ ಬಿಳಿ ಉಂಗುರ.
ಈಗ ಹೊಸ ಚಿತ್ರ ಹಾಕಿದ್ದಾರೆ,
ಅದರ ಮೇಲೊಂದು ತಗಡಿನ ಮಾಡು.
ಆಯಿಗೆ ತೋರಿಸ್ತೇನೆ ಅಂದಿದ್ದೆ,
ಇವತ್ತು, ನಾಳೆ, ಅಂತ ಬಿಟ್ಟೆ.
ಹುಡುಕ್ತೀರಾ?”

ಹಿಂದಕ್ಕೆ ಹೋದೆ.
ಪುರ್ಸುವಿನ ಕಲ್ಲು ದಾಟಿ, ರೊಸಾರಿಯೊನ ಏಳು ಬಾಗಿಲು ದಾಟಿ,
ಬೂದಿಬಣ್ಣದ ಎಷ್ಟೋ ಮಧ್ಯಾಹ್ನ ದಾಟಿ
ಎಂಬತ್ತೆಂಟನೆಯ ದಿನ,
ಹನ್ನೊಂದು ನಲವತ್ನಾಲ್ಕು.

ಇತ್ತು.

ಅವಳು ಬೆರಳು ತಾಗಿಸಲಿಲ್ಲ.
ನೀರು ಎಷ್ಟಿದೆಯೆಂದು ನೋಡುವವರ ಹಾಗೆ
ಓಢಣಿ ಎದೆಗೆ ಒತ್ತಿಹಿಡಿದು
ಬಗ್ಗಿದಳು.

ಪ್ರಿಂಟಿಗೂ ಇಲ್ಲಿ ಲೆಕ್ಕವಿದೆ.
ಬಣ್ಣದ್ದಾದರೆ ಕಾರಣ ಕೇಳುತ್ತದೆ:
ಖಾಲಿ ಚೌಕ, ಒಳಗೆ ಮಿಟುಕುವ ಒಂದು ಕಡ್ಡಿ.
ಸುಳ್ಳುಗಳು ಸಾಲಾಗಿ ಬಂದವು,
ಕಸ್ಟಮ್ಸು, ಧಕ್ಕೆಯ ನಕ್ಷೆ, ಹಡಗಿನ ಹೆಸರು.

‘ಬಾವಿ’ ಎಂದು ಬರೆದೆ.
ಕೆಳಗೆ ನನ್ನ ಹೆಸರನ್ನು
ಅದೇ ಬರೆದುಕೊಂಡಿತು.