ಮಧ್ಯಾಹ್ನದ ಊಟ ಸೇರಿಲ್ಲ

ಚೀಟಿ ದುಡ್ಡು ಬಂದ ಶುಕ್ರವಾರ
ಚಮನ್‌ಸಾಬ್ ಪಿ.ಜೆ. ಬಡಾವಣೆಯ ಟ್ರಾವೆಲ್ಸಿನಿಂದ
ಬಣ್ಣದ ಹಾಳೆಯೊಂದು ತಂದು
ಮಂಡಕ್ಕಿ ಚೀಲದ ಮೇಲೆ ಹಾಸಿದ.
ಹಾಳೆ ತುಂಬ ಉಸುಕು.
ಗೆರೆಗೆರೆಯ ಉಸುಕು, ಯಾರೋ ಬಾಚಣಿಗೆ ಆಡಿಸಿದಂಥದು.
ಅದರಂಚಿಗೆ ಬಿಳಿ ಟೆಂಟು,
ಟೆಂಟಿನೊಳಗೆ ಮಂಚ, ಮಂಚದ ಮೇಲೆ
ಟವೆಲ್ಲು ಮಡಿಚಿ ಮಾಡಿದ ಎರಡು ಬಾತುಕೋಳಿ.

"ಜೈಸಲ್ಮೇರ್," ಅಂದ,
ಹಾಳೆಗಂಟಿದ ಹೊಟ್ಟಿನ ಧೂಳು ಒರೆಸುತ್ತ.
ನಾನು ನಕ್ಕೆ.
ಇಪ್ಪತ್ತೆರಡು ವರ್ಷ ಈ ಭಟ್ಟಿಯ ಬಾಯಲ್ಲಿ
ಕಾದ ಉಸುಕು ತಿರುವಿದ್ದೇನೆ,
ಅಕ್ಕಿ ಅರಳಿ ಬೆಳ್ಳಗೆ ಮೇಲೇಳುವಷ್ಟರಲ್ಲಿ
ಜರಡಿ ಹಿಡಿದು, ಕೆಳಗುದುರಿದ್ದನ್ನು
ಮತ್ತೆ ಬಾಣಲೆಗೇ ಸುರಿದಿದ್ದೇನೆ.
ಮೊಣಕೈವರೆಗೆ ಚುಕ್ಕಿ ಚುಕ್ಕಿ ಕಲೆ.
"ದುಡ್ಡು ಕೊಟ್ಟು ಮರಳು ನೋಡೋಕೆ
ನಿನಗೇನು ಮರಳಾ?"

ಆದರೂ ಕೂತೆವು, ಲೆಕ್ಕಕ್ಕೆ.
ನಮ್ಮ ಲೆಕ್ಕ ಚೀಲದಲ್ಲೇ ನಡೆಯುವುದು.
ಏಸಿ ಟೆಂಟು, ಒಂದು ರಾತ್ರಿಗೆ ಹದಿನಾಲ್ಕು ಚೀಲ ಮಂಡಕ್ಕಿ.
ಏಸಿ ಇಲ್ಲದ್ದು ಒಂಬತ್ತು.
ಮಣ್ಣಿನ ಗುಡಿಸಲು ಏಳು, ಬಚ್ಚಲು ಹೊರಗೆ.
ಊರೊಳಗೆ ಕೋಟೆ ಕೆಳಗಿನ ಲಾಡ್ಜು ನಾಲ್ಕೇ ಚೀಲ,
ಆದರೆ ಅಲ್ಲಿಂದ ಉಸುಕಿಗೆ ಜೀಪಿನ ಬಾಡಿಗೆ ಮೂರು.
"ಅಲ್ಲಿಗೆ ಏಳಾಯ್ತು. ಗುಡಿಸಲೇ ವಾಸಿ."
"ಬಚ್ಚಲು ಹೊರಗೆ, ಓದಲಿಲ್ಲವಾ?"
"ನಮ್ಮನೇದೇನು ಒಳಗೈತಾ?"

ಊಟದ ಮಾತು ಸಣ್ಣ ಅಕ್ಷರದಲ್ಲಿತ್ತು.
ಬೆಳಿಗ್ಗೆ ತಿಂಡಿ ಇದೆ, ರಾತ್ರಿ ಊಟ ಇದೆ,
ಮಧ್ಯಾಹ್ನದ್ದು ಸೇರಿಲ್ಲ.
ಚಮನ್‌ಸಾಬ್ ಗಾಬರಿಯಾದ.
ಒಂದು ಗಂಟೆಗೆ ರೊಟ್ಟಿ ಕಾಣದಿದ್ದರೆ
ಲೋಕದ ಮೇಲೇ ಸಿಟ್ಟಾಗುವ ಮನುಷ್ಯ.
ಟ್ರಾವೆಲ್ಸಿನ ಹುಡುಗ ಹಾಲೇಶ ಫೋನಲ್ಲಿ ಸಮಾಧಾನ ಹೇಳಿದ:
"ಅಲ್ಲಿ ಬಾಟಿ ಸಿಗ್ತೈತೆ ಸಾಬ್ರೇ, ಭಾಳ ಫೇಮಸ್ಸು."
"ಭಟ್ಟಿ ನಮ್ಮ ದಾವಣಗೇರೇಲೇ ಐತಲ್ಲಪ್ಪ?"
"ಭಟ್ಟಿ ಅಲ್ರೀ, ಬಾಟಿ. ಗೋಧಿ ಉಂಡೆ.
ಕೆಂಡದಾಗೆ ಸುಟ್ಟು, ತುಪ್ಪದಾಗೆ ಅದ್ದಿ..."
ತುಪ್ಪ ಅಂದದ್ದೇ ಇವನ ಮುಖ ಇಳಿಯಿತು.
ಚಿಗಟೇರಿ ಆಸ್ಪತ್ರೆಯ ಡಾಕ್ಟರಮ್ಮ ನೆನಪಾಗಿರಬೇಕು.

ನನಗೆ ಕೇಳಬೇಕಿದ್ದದ್ದು ಬೇರೆ.
ಹಾಳೆಯಲ್ಲಿ ಅದು ಎಲ್ಲೂ ಇರಲಿಲ್ಲ,
ಒಂಟೆ ಸವಾರಿಯ ದರದ ಕೆಳಗೂ,
ಕುಣಿತದ ಹೊತ್ತಿನ ಪಕ್ಕದಲ್ಲೂ.
ಹಾಲೇಶನಿಗೂ ತಿಳಿಯದು, ಟೆಂಟಿನವನ ನಂಬರು ಕೊಟ್ಟ.
ನಾನೇ ಮಾಡಿದೆ.
ನಮ್ಮ ಕಡೆಯ ಉರ್ದು ಅವನಿಗೆ ಅರ್ಧ ತಿಳಿಯಿತು.
"ಭಾಯಿ, ರಾತ್ರಿ ಎಷ್ಟು ಹೊತ್ತಿಗೆ
ನಿಮ್ಮ ಉಸುಕು ಆರುತ್ತೆ?"

ಅತ್ತ ಕಡೆ ಸದ್ದಿಲ್ಲ.
ಬಿಸಿನೀರು ಕೇಳುವವರಿರುತ್ತಾರೆ, ವೈಫೈ ಕೇಳುವವರು,
ಹಾವಿದೆಯಾ ಅನ್ನುವವರು.
ಕೊನೆಗೆ ಅಂದ: "ಬೇಸಿಗೆಯಲ್ಲಿ ನಡುರಾತ್ರಿ.
ಡಿಸೆಂಬರಿನಲ್ಲಾದರೆ ಎಂಟಕ್ಕೇ ತಣ್ಣಗೆ.
ಯಾಕೆ, ಬೆಹನ್?"

ಯಾಕೆ ಅಂತ ಹೇಗೆ ಹೇಳಲಿ.
ಭಟ್ಟಿಯ ಉಸುಕು ಪೂರ್ತಿ ಆರಿದ್ದು ನಾನು ಕಂಡಿಲ್ಲ.
ರಂಜಾನ್ ಹಬ್ಬದ ದಿನ, ಬೆಂಕಿ ಹಾಕದ ಆ ಒಂದು ದಿನವೂ
ಬಾಣಲೆಯ ತಳದಲ್ಲಿ ಅದು
ಜ್ವರ ಬಂದ ಕೂಸಿನ ಹಣೆ.
"ಕೆಂಡ ಕೆಂಪಾಗಿ ಹೇಳಿ ಸುಡುತ್ತೆ,
ಉಸುಕು ಹೇಳದೇ ಸುಡುತ್ತೆ,"
ಮೊದಲ ದಿನವೇ ಅತ್ತೆ ಅಂದಿದ್ದರು,
ನನ್ನ ಬೆರಳಿಗೆ ಎಣ್ಣೆ ಸವರುತ್ತ.

ಡಿಸೆಂಬರ್ ಅಂತ ಬರೆದೆವು.
ಏಸಿ ಬೇಡ. ಗುಡಿಸಲೂ ಬೇಡ, ಅದು ರಸ್ತೆ ಕಡೆಗಿದೆ.
ಕೊನೇ ಸಾಲಿನ ಟೆಂಟು, ಪರದೆ ಸರಿಸಿದರೆ ಉಸುಕೇ.
ಆದರೆ ರಾತ್ರಿಯೂಟ ಎಂಟರಿಂದ ಒಂಬತ್ತೂವರೆ,
ನನ್ನ ಹೊತ್ತೂ ಅದೇ.
"ಉಣ್ಣದಿದ್ದರೆ ದುಡ್ಡು ವಾಪಸ್ಸಾ?" ಇವನು ಕೇಳಿಸಿದ.
ಇಲ್ಲವಂತೆ.
"ನೀನು ಉಂಡು ಬಾ," ಅಂದೆ, "ನಾನು ಅಲ್ಲೇ ಕೂತಿರ್ತೀನಿ."
ಮಧ್ಯಾಹ್ನಕ್ಕೆ ಅರ್ಧ ಚೀಲ ಮಂಡಕ್ಕಿ, ಹುರಿಗಡಲೆ ಪುಡಿ.
ಈರುಳ್ಳಿ ಅಲ್ಲಿಯೂ ಸಿಗುತ್ತದೆ.
"ಅಷ್ಟು ದೂರ ಹೋಗಿ ಅದನ್ನೇ ತಿನ್ನಾದಾ?" ಗೊಣಗಿದ,
ಬೇಡ ಅನ್ನಲಿಲ್ಲ.

ರಾತ್ರಿ ಹಾಳೆಯ ಬೆನ್ನಿಗೆ ಪಟ್ಟಿ ಬರೆಯುತ್ತಿದ್ದ:
ಬಿಪಿ ಮಾತ್ರೆ. ಸ್ವೆಟರು. ಟಾರ್ಚು.
ಚಪ್ಪಲಿ, ಎರಡು ಜೊತೆ.
ಪೆನ್ನು ಇಸಿದುಕೊಂಡು
ಒಂದು ಜೊತೆ ಹೊಡೆದುಹಾಕಿದೆ.
ನನ್ನದು.