ಅಪ್ಪನ ಕೈಸದ್ದು

ನಮ್ಮ ಓಣಿಯ ಗೋಡೆಗಳು ಹಲಗೆಯವು.
ಯಾವ ಕೆಮ್ಮು ಯಾರದೆಂದು
ಮಲಗಿದಲ್ಲೇ ಹೇಳಬಹುದಿತ್ತು.
ಬೆಳಗಿನ ನಾಲ್ಕೂವರೆಗೆ ಮನೆಮನೆಯಲ್ಲೂ ಸದ್ದು,
ಎರಡು ಅಂಗೈ ನಡುವೆ ಮೆಕ್ಕೆಜೋಳದ ಹಿಟ್ಟು,
ತಪ ತಪ, ತಿರುವು, ತಪ ತಪ.
ಚೆಪೀತಾಳದು ಅವಸರದ ತಾಳ,
ಮೂಲೆಮನೆ ವಿಧವೆಯದು ನಿದ್ದೆಗಣ್ಣಿನದು,
ಅಮ್ಮನದು ಸೂರಿನಿಂದ ಹನಿ ತೊಟ್ಟಿಕ್ಕಿದಷ್ಟು ಸಮ.

ಕಬ್ಬಿನ ಗಿರಣಿ ಬಾಗಿಲು ಹಾಕಿ ಅಪ್ಪ ಮನೆಯಲ್ಲಿ ಕೂತ ವರ್ಷ
ಅಮ್ಮನಿಗೆ ರಾತ್ರಿಪಾಳಿ ಸಿಕ್ಕಿತು.
ಚೊಲೋಮಾದ ಹೊಲಿಗೆ ಕಾರ್ಖಾನೆಯಲ್ಲಿ ಅವಳು
ಯಾರೋ ತೊಡುವ ಅಂಗಿಗಳಿಗೆ
ಎಡತೋಳು ಮಾತ್ರ ಕೂಡಿಸುತ್ತಿದ್ದಳು.
ಬಲತೋಳು ಬೇರೆ ಸಾಲಿನವರದು.
ರಾತ್ರಿಗೆ ಒಂಬೈನೂರು ಎಡತೋಳು.
"ಇಡೀ ಅಂಗಿ ಹೇಗಿರುತ್ತದೋ, ಕಂಡವಳಲ್ಲ" ಎಂದು ನಗುವಳು.

ಮೊದಲ ವಾರ ಓಣಿಯ ಸದ್ದಿನಲ್ಲಿ
ನಮ್ಮ ಮನೆಯಷ್ಟು ಜಾಗ ಖಾಲಿ.
ಅಜ್ಜಿ ಹಾಸಿಗೆಯಿಂದಲೇ ಕೇಳಿದಳು:
"ಈ ಮನೆಯಲ್ಲಿ ಯಾರಾದರೂ ಸತ್ತರೇನು?"

ಎರಡನೆಯ ವಾರ ಅಪ್ಪ ಬಾಗಿಲಿಗೆ ಅಗುಳಿ ಹಾಕಿದ.
ಕಿಟಕಿಗೆ ಗೋಣಿ ಇಳಿಬಿಟ್ಟ.
ರೇಡಿಯೋ ದೊಡ್ಡದು ಮಾಡಿದ,
ಪಾದ್ರಿಯ ಉಪದೇಶ, ಜ್ವರದ ಗುಳಿಗೆಯ ಜಾಹೀರಾತು,
ಅದರ ಮರೆಯಲ್ಲಿ ಕೈ ಆಡಿಸಿದ.
ಕಬ್ಬು ಕಡಿದ ಕೈ. ಕತ್ತಿಯ ಹಿಡಿ ಕೂತಿದ್ದ ಗಟ್ಟಿಯಲ್ಲಿ
ಹಿಟ್ಟು ಅಂಟುವುದು, ಬಿಡಿಸಿದರೆ ಹರಿಯುವುದು.
ತಪ್.
ತಪ್ ತಪ್. ಒಂದು ಬೈಗುಳ.
ನನಗೆ ಒಂಬತ್ತು. ದೀಪ ಹಿಡಿಯುವ ಕೆಲಸ ನನ್ನದು,
ಯಾರಿಗೂ ಹೇಳದಿರುವ ಕೆಲಸವೂ.
ಆ ರೊಟ್ಟಿಗಳಿಗೆ ಮೂಲೆಗಳಿದ್ದವು.
ಒಂದಂತೂ ಥೇಟ್ ಹೊಂಡುರಾಸಿನ ನಕಾಶೆ,
ಕರಾವಳಿ ಸಮೇತ. ತಿನ್ನದೆ ಇಟ್ಟುಕೊಂಡೆ,
ಇರುವೆ ಬರುವ ತನಕ.

ಕರೆಂಟು ಹೋದ ದಿನ ಗುಟ್ಟು ಬಯಲಾಯಿತು.
ಬೇಲಿಯಾಚೆ ಚೆಪೀತಾಳ ಕೈ ನಿಂತಿತು.
ಹೊತ್ತೇರಿದ ಮೇಲೆ ನಲ್ಲಿಯ ಹತ್ತಿರ ನಗು.
ಸಂಜೆ ಸಾರಾಯಿಯಂಗಡಿಯಲ್ಲಿ ಯಾರೋ
ಅಪ್ಪನ ಸೊಂಟಕ್ಕೆ ಏಪ್ರನ್ ಕಟ್ಟಲು ಬಂದರಂತೆ.
ಅವನು ಬೇಗ ಮನೆಗೆ ಬಂದ. ಊಟ ಬೇಡವೆಂದ.
ಮರುದಿನ ಕರೆಂಟಿತ್ತು.
ಹಿಟ್ಟು ನಾದಿದ. ರೇಡಿಯೋ ಹಚ್ಚಲಿಲ್ಲ.

ಅಜ್ಜಿ, ದೋನ್ಯಾ ಟ್ರಾನ್ಸಿತೊ,
ಏಳು ಗಂಡುಮಕ್ಕಳನ್ನು ಒಲೆಯ ಬಳಿ ಸುಳಿಯಗೊಡದವಳು,
ಮೀಸೆ ಮೊಳೆಯುವುದಿಲ್ಲವೆಂದು ಹೆದರಿಸಿದವಳು,
ಪೊರೆ ಕವಿದ ಕಣ್ಣುಗಳನ್ನು ಸದ್ದಿನ ಕಡೆ ತಿರುಗಿಸಿ
ಬಹಳ ಹೊತ್ತು ಕೇಳಿದಳು.
"ರಿಗೊಬೆರ್ಟೊ," ಎಂದಳು ಕೊನೆಗೆ,
"ಕೈ ಒದ್ದೆ ಮಾಡಿಕೋ. ಹೆಬ್ಬೆರಳು ಸಡಿಲ ಬಿಡು,
ಹಿಡಿದಿರುವುದು ಕತ್ತಿಯಲ್ಲ."
ಅಷ್ಟೆ. ಆಶೀರ್ವಾದವೆಂದು ತಿಳಿಯಬೇಡಿ.
ಕೆಟ್ಟ ರೊಟ್ಟಿ ಸಹಿಸದವಳ ಸಿಟ್ಟು ಅದು.

ಆರರ ಬಸ್ಸಿಳಿದು ಅಮ್ಮ ಬಂದಳು,
ಕೂದಲ ತುಂಬ ನೂಲಿನ ಚೂರು.
ಬಟ್ಟೆ ಸರಿಸಿದರೆ ಹನ್ನೆರಡು ರೊಟ್ಟಿ,
ದುಂಡಗೆ, ಇನ್ನೂ ಬಿಸಿ.
ಏನಾದರೂ ಹೇಳುತ್ತಾಳೆಂದು ನಾವಿಬ್ಬರೂ ಕಾದೆವು.
ಅವಳು ಕೈ ತೊಳೆದಳು. ಮತ್ತೊಮ್ಮೆ ತೊಳೆದಳು.
ಉಳಿದಿದ್ದ ಉಂಡೆ ಎತ್ತಿಕೊಂಡು
ತೂಕಡಿಸುವ ಕಣ್ಣಲ್ಲೇ ತಟ್ಟತೊಡಗಿದಳು.
ತಾಳ ತಪ್ಪಿತು.
ಎಡಗೈ ಮುಂದೆ ಹೋಗಿ
ಬೇರೆ ಸಾಲಿನಿಂದ ಬರಬೇಕಾದ್ದಕ್ಕೆ ಕಾಯುತ್ತಿತ್ತು.
ಅವಳು ಅಂದದ್ದು ನನಗೆ ಕೇಳಿಸಲಿಲ್ಲ, ಅಪ್ಪನಿಗೆ ಕೇಳಿಸಿತು.
ಅವಳ ಕೈಯಿಂದ ಆ ಸೊಟ್ಟ ರೊಟ್ಟಿ ತೆಗೆದು
ಹೆಂಚಿಗೆ ಹಾಕಿ, ಅದನ್ನೇ ಮೊದಲು ತಿಂದ.
ಅವನ ಹನ್ನೆರಡನ್ನು ಅವಳು ಆ ದಿನ ಮುಟ್ಟಲಿಲ್ಲ.

ರೊಟ್ಟಿ ಉಬ್ಬಿದರೆ ಹುಡುಗಿ ಮದುವೆಗೆ ಬಂದಳೆಂದು
ನಮ್ಮ ಕಡೆ ಮಾತು.
ನನ್ನದು ಇವತ್ತಿಗೂ ಉಬ್ಬಿಲ್ಲ.
ನಾನು ರಾತ್ರಿಪಾಳಿಯವರ ಬಸ್ಸು ಓಡಿಸುತ್ತೇನೆ.
ನಸುಕಿನಲ್ಲಿ ಓಣಿಯ ತಿರುವಿಗೆ ಬಂದಾಗ
ಎಂಜಿನ್ ಸದ್ದು ತಗ್ಗಿಸುತ್ತೇನೆ. ಹಿಂದೆ ಹೆಂಗಸರು ನಿದ್ದೆಯಲ್ಲಿ.
ಈಗ ಎಲ್ಲರೂ ಯಂತ್ರದ ರೊಟ್ಟಿ ಕೊಳ್ಳುತ್ತಾರೆ,
ತಟ್ಟುವ ಮನೆಗಳು ಎರಡೇ.
ಒಂದು ಅಪ್ಪನದು, ಕುಂಟುವ ತಾಳ.
ಇನ್ನೊಂದು ಯಾರದೋ ತಿಳಿಯುವುದಿಲ್ಲ.
ಒಳಗೆ ರೇಡಿಯೋ ತುಂಬ ಜೋರು.