ಸೊನ್ನೆ ಎಂದರೆ ಸರಿ

ಹೀಯುಮಾ ದ್ವೀಪದ ರಸ್ತೆ ಕಚೇರಿಯಲ್ಲಿ
ಸಂಜೆ ಐದೂವರೆಗೆ ಸರಿಯಾಗಿ
ವಾಯ್ಕೆ ಕನ್ನಡಕ ಒರೆಸಿಕೊಳ್ಳುತ್ತಿದ್ದಳು.
ಕಡಲು ಕಲ್ಲಾಗುವ ಎರಡು ತಿಂಗಳು
ಕಾರುಗಳು ಅದರ ಬೆನ್ನ ಮೇಲೆಯೇ ಆಚೆ ದಡಕ್ಕೆ ಹೋಗುತ್ತವೆ ಇಲ್ಲಿ;
ಎಲ್ಲಿ ಗಟ್ಟಿ, ಎಲ್ಲಿ ಬಿರುಕು, ಎಷ್ಟು ದಪ್ಪ,
ಆ ದಿನದ ನಕ್ಷೆಯನ್ನು ಒಂದು ಕಿಟಕಿಯಿಂದ ಇನ್ನೊಂದಕ್ಕೆ
ಬಿಸಿ ಪಾತ್ರೆ ಇಳಿಸುವ ಹಾಗೆ ಎಳೆದು ಬಿಡುವಳು.
ಆ ಕಿಟಕಿಯಾಚೆ ಟ್ಯಾಲಿನ್, ಅಲ್ಲೊಂದು ನೆಲಮಾಳಿಗೆ,
ನಾವ್ಯಾರೂ ಕಣ್ಣಾರೆ ಕಾಣದ ಸರ್ವರ್.
ಪಾಸ್‌ವರ್ಡ್ ಕೇಳಿದರೆ ತುಟಿಯಲ್ಲೇ ಗುನುಗಿ ಒತ್ತುವಳು.
ಹನ್ನೊಂದು ಚಳಿಗಾಲ. ಒಂದು ಸಂಜೆಯೂ ತಪ್ಪಲಿಲ್ಲ.

ಅವಳು ನಿವೃತ್ತಳಾಗುವ ವರ್ಷ ನನ್ನನ್ನು ಕರೆದರು:
"ಇಂದ್ರೆಕ್, ಇದನ್ನು ಯಂತ್ರಕ್ಕೆ ಕಲಿಸು."
ಕಲಿಸಿದೆ.
ಮೊದಲು ಒಂದು ಜೋಡಿ ಕೀಲಿ ಕಡೆದೆ,
ಒಂದು ಅಲ್ಲಿಯ ಬಾಗಿಲಿಗೆ, ಇನ್ನೊಂದು ಇಲ್ಲಿಯ ಸೊಂಟಕ್ಕೆ.
ಇನ್ನು ಗುನುಗುವ ಕೆಲಸವಿಲ್ಲ.
ಅಳತೆ ಬಂದೊಡನೆ ನಕ್ಷೆ ಕಟ್ಟು, ಕಟ್ಟಿದ್ದನ್ನು ತೂಗಿ ನೋಡು, ಕಳಿಸು:
ಎಲ್ಲ ಸೇರಿ ನಲವತ್ತು ಸಾಲು.
ಮೊದಲ ರಾತ್ರಿ ಗಾಳಿಗೆ ಸಂಪರ್ಕ ಹರಿದು
ನಕ್ಷೆ ಅರ್ಧಕ್ಕೇ ನಿಂತಿತು. ದಾರಿ ಕಡಲ ನಡುವೆ ಮುಗಿದಿತ್ತು,
ಮುಂದೆ ಬರೀ ಬಿಳಿ.
ಅಂದಿನಿಂದ ಸುಳ್ಳು ಹೆಸರಲ್ಲಿ ಕಳಿಸಿ
ಪೂರ್ತಿ ಇಳಿದ ಮೇಲಷ್ಟೇ ನಿಜದ ಹೆಸರಿಡುವುದು;
ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ.
ಸೋತರೆ ಮೂರು ಸಲ ಬಾಗಿಲು ತಟ್ಟು,
ಆಮೇಲೂ ಸೋತರೆ ನನ್ನನ್ನು ಎಬ್ಬಿಸು,
ಗೆದ್ದರೆ ಸೊನ್ನೆ ಹೇಳು.
ವಾಯ್ಕೆ ನಕ್ಕಳು: "ಸೊನ್ನೆ ಬಂದರೆ ಪಾಸೇ?
ನಮ್ಮ ಕಾಲದಲ್ಲಿ ಕಿವಿ ಹಿಂಡುತ್ತಿದ್ದರು."

ಕೊನೆಗೊಂದು ಶಬ್ದ ಸೇರಿಸಿದೆ, ಚೊಕ್ಕಟಕ್ಕೆಂದು:
ಇಲ್ಲಿರುವಂತೆಯೇ ಅಲ್ಲಿರಲಿ, ಕನ್ನಡಿಯ ಹಾಗೆ.
ಇಲ್ಲಿ ಇಲ್ಲದ್ದು ಅಲ್ಲಿಯೂ ಬೇಡ.
ರಾತ್ರಿ ಎರಡಕ್ಕೆ ಓಡಿತು. ನಾನು ಮಲಗಿದ್ದೆ.
ಬೆಳಿಗ್ಗೆ ಸೊನ್ನೆ.
ಅದರ ಮೇಲೆ, ಸಣ್ಣ ಅಕ್ಷರದಲ್ಲಿ,
ಅಳಿಸಿದೆ, ಅಳಿಸಿದೆ, ಅಳಿಸಿದೆ,
ಆರುನೂರ ಹನ್ನೆರಡು ಸಲ.

ಲಾಗ್‌ನಲ್ಲಿ ಹೆಸರು ಮಾತ್ರ ಉಳಿದಿದ್ದವು.
ನಕ್ಷೆಯ ಪಕ್ಕಕ್ಕೆ, ಹೆಚ್ಚುಕಡಿಮೆ ದಿನಕ್ಕೊಂದರಂತೆ,
ಅವಳು ಅಲ್ಲಿಗೇ ನೇರ ಇಟ್ಟು ಬಂದ ಪುಟ್ಟ ಫೈಲುಗಳು:
ಇಂದು-ನೀರ್ಗಲ್ಲು-ಹಾಡಿತು
ಹೆಲ್ಡುರ್-ಮೀನು-ತಂದ-ಬಾಗಿಲು-ತೆಗೆಯಲಿಲ್ಲ
ನರಿ-ಆರನೆಯ-ಕಂಬದ-ತನಕ-ಹೋಗಿ-ಹಿಂದಿರುಗಿತು
ಹೆಲ್ಡುರ್-ಇಂದು-ಬರಲಿಲ್ಲ
ಹೆಲ್ಡುರ್-ಇಂದೂ
ಒಳಗೇನು ಬರೆದಿದ್ದಳೋ.
ಟ್ಯಾಲಿನ್ನಿಗೆ ಫೋನು ಮಾಡಿದೆ. ಪ್ರತಿ ತೆಗೆದಿಡುವುದು
ನಕ್ಷೆಗಳನ್ನು ಮಾತ್ರ, ಎಂದರು; ಮತ್ತೇನಾದರೂ ಇತ್ತೇ?
ಕನ್ನಡಿ ಮಾಡಹೊರಟವನಿಗೆ
ಕನ್ನಡಿಯೊಳಗಿನ ಗಂಟು.

ಹೇಳಲು ಹೋದಾಗ ಅವಳು ಮೇಜಿನ ಖಾನೆ ಬರಿದುಮಾಡುತ್ತಿದ್ದಳು:
ಒಣಗಿದ ರೈ ರೊಟ್ಟಿಯ ಚೂರು, ಪೆನ್ಸಿಲ್ಲು,
ಜೊತೆ ಕಳೆದುಕೊಂಡ ಒಂದು ಉಣ್ಣೆಯ ಕೈಗವಸು.
ಕೇಳಿ ಸ್ವಲ್ಪ ಹೊತ್ತು ಹೊರಗೆ ನೋಡಿದಳು.
ನಾಲ್ಕಕ್ಕೇ ಕತ್ತಲು, ಕಂಬಗಳ ತುದಿಯಲ್ಲಿ ಕೆಂಪು ದೀಪ.
"ಇಲ್ಲಿ ಇಡಬಾರದೆಂದೇ ಅಲ್ಲಿಟ್ಟಿದ್ದೆ," ಎಂದಳು.
"ಒಳಗೆ ಏನೂ ಇರಲಿಲ್ಲ ಕಣೋ. ಎಲ್ಲ ಖಾಲಿ. ಹೆಸರಷ್ಟೇ."
ನಿಜವೋ, ನನ್ನ ಮುಖ ನೋಡಿ ಹೇಳಿದ್ದೋ.
ಲಾಗ್ ನೋಡಿದರೆ ಗಾತ್ರವೂ ಇದ್ದೀತು;
ನೋಡಲಿಲ್ಲ.

ಆ ಶಬ್ದ ತೆಗೆದೆ. ನಕ್ಷೆ ತಾನಾಗಿ ಹೋಗುತ್ತಿದೆ ಈಗ.
ಹೆಸರುಗಳಿದ್ದ ಪುಟ ಮುದ್ರಿಸಿ ಕೊಟ್ಟೆ, ಹದಿನಾಲ್ಕು ಹಾಳೆ.
ಅವಳು ಎಣಿಸಲೂ ಇಲ್ಲ, ಓದಲೂ ಇಲ್ಲ,
ಸುರುಳಿ ಸುತ್ತಿ ಆ ಒಂಟಿ ಕೈಗವಸಿನೊಳಗೆ ತುರುಕಿದಳು.
ಅರ್ಧ ಹೊರಗೇ ಉಳಿಯಿತು.